ಯಾವ ಸೊನ್ನೆಯಿಂದ ಅಳೆಯುತ್ತೀರಿ?



ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜ್, ಟರ್ಬೊ ಕಾರಿಗೆ ಮೆಕ್ಯಾನಿಕಲ್ ಒಳ್ಳೆಯದೋ, ಎಲೆಕ್ಟ್ರಾನಿಕ್ ಒಳ್ಳೆಯದೋ? ಎಂಜಿನ್‌ನ ಕಾವಿಗೆ ಗಟ್ಟಿಯಾಗಿ ಬಿರಿಯುವ ಕೊಳವೆಗಳ ಬಗ್ಗೆ, ಸೆನ್ಸರ್ ಸಂಕೇತವನ್ನು ನಯಗೊಳಿಸುವ ಫಿಲ್ಟರ್‌ಗಳ ಬಗ್ಗೆ ದುಡಿದವರು ಈ ಸಂಕಿರಣದ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಆ ಭಾಗ ಅವರಿಗೇ ಬಿಟ್ಟದ್ದು. ಮುಳ್ಳು ಎಷ್ಟು ಬೇಗ ಓಡುತ್ತದೆ ಎಂದು ವಾದಿಸುತ್ತ ನಾವು ಅದಕ್ಕಿಂತ ಮುಖ್ಯವಾದದ್ದನ್ನು ಕೈಬಿಟ್ಟೆವು ಎಂಬುದು ನನ್ನ ಬಹುಕಾಲದ ನಂಬಿಕೆ. ಆ ಮುಳ್ಳು ಯಾವ ಸೊನ್ನೆಯಿಂದ ಹೊರಡುತ್ತದೆ?

ನನ್ನ ವಿದ್ಯಾರ್ಥಿಯೊಬ್ಬ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಗೇಜ್ ಹಾಕಿಸಿಕೊಂಡು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದ. ಕಾರು ನಿಲ್ಲಿಸಿ ಬರಿಯ ಕೀಲಿ ತಿರುಗಿಸಿದರೆ ಗೇಜ್ ಮೈನಸ್ 0.1 ಬಾರ್ ತೋರಿಸುತ್ತಿತ್ತು. ಕೆಟ್ಟಿದೆಯೆಂದು ಸೆನ್ಸರ್ ಬದಲಾಯಿಸಿದರು. ಹೊಸದೂ ಅಷ್ಟನ್ನೇ ತೋರಿಸಿತು. ಸೆನ್ಸರ್ ಸರಿಯಾಗಿಯೇ ಇತ್ತು. ಅದು ನಿರ್ವಾತದಿಂದ ಒತ್ತಡ ಅಳೆಯುತ್ತದೆ. ಅದರಿಂದ ಗೇಜ್ ಕಳೆಯುತ್ತಿದ್ದದ್ದು ಸಮುದ್ರಮಟ್ಟದ 1.01 ಬಾರ್. ಬೆಂಗಳೂರಿನ ಗಾಳಿಯದ್ದು ಸುಮಾರು 0.91 ಅಷ್ಟೇ.

ಮೆಕ್ಯಾನಿಕಲ್‌ಗೆ ಈ ತೊಡಕಿಲ್ಲ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ದೋನ್ ಪೇಟೆಂಟ್ ಪಡೆದ ಬಾಗಿದ ನಳಿಗೆಯೇ ಅದರ ಜೀವ. ಒಳಗೆ ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನ ಒತ್ತಡ, ಹೊರಗೆ ನಮ್ಮ ಸುತ್ತಲಿನ ಗಾಳಿ. ಎರಡರ ವ್ಯತ್ಯಾಸಕ್ಕೆ ತಕ್ಕಂತೆ ನಳಿಗೆ ನೆಟ್ಟಗಾಗುತ್ತದೆ. ಒತ್ತಡ ತಾಳದೆ ಗಾಳಿಯ ಕೊಳವೆ ಕಳಚಿಕೊಳ್ಳುತ್ತದೆಯೇ ಎಂದು ತಿಳಿಯಲು ಆ ವ್ಯತ್ಯಾಸವೇ ಬೇಕು. ಆದರೆ ಸಿಲಿಂಡರ್‌ಗೆ ಎಷ್ಟು ಗಾಳಿ ಹೋಯಿತು ಎನ್ನಲು ಬೇಕಾದದ್ದು ನಿರ್ವಾತದಿಂದ ಎಣಿಸಿದ ಒತ್ತಡ. ಟರ್ಬೊ ಎಷ್ಟು ಏದುಸಿರುಬಿಡುತ್ತಿದೆ ಎನ್ನಲು ಬೇಕಾದದ್ದು ಮ್ಯಾನಿಫೋಲ್ಡ್ ಒತ್ತಡಕ್ಕೂ ಹೊರಗಾಳಿಯ ಒತ್ತಡಕ್ಕೂ ಇರುವ ಅನುಪಾತ. ಗೇಜ್ 1 ಬಾರ್ ತೋರಿಸುವಾಗ ಮಂಗಳೂರಿನಲ್ಲಿ ಆ ಅನುಪಾತ 2, ಬೆಂಗಳೂರಿನಲ್ಲಿ 2.1, ಲೇಹ್‌ನಲ್ಲಿ 2.5 ದಾಟುತ್ತದೆ. ಮುಳ್ಳು ಮಾತ್ರ ಅಲ್ಲೇ ನಿಂತಿರುತ್ತದೆ. ಇಂಥ ಎತ್ತರದಲ್ಲಿ ಅದನ್ನು ನಂಬಿ ಬೂಸ್ಟ್ ಏರಿಸಿದರೆ ಟರ್ಬೊ ತನ್ನ ವೇಗದ ಮಿತಿ ಮೀರಬಹುದು.

ಸೊನ್ನೆ ಎಲ್ಲಿರಬೇಕೆಂಬುದನ್ನು ವಿಮಾನದವರು ಎಂದೋ ಯೋಚಿಸಿದ್ದರು. ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನಗಳ ಗೇಜ್ ಪಾದರಸದ ಅಂಗುಲಗಳಲ್ಲಿ ನಿರ್ವಾತದಿಂದ ಎಣಿಸುತ್ತಿತ್ತು. ಬ್ರಿಟಿಷರದ್ದು ಪೌಂಡ್ ಲೆಕ್ಕ; ವಿಮಾನ ಎಷ್ಟೇ ಮೇಲೇರಲಿ, ಸೊನ್ನೆ ಸಮುದ್ರಮಟ್ಟದ ಒತ್ತಡಕ್ಕೇ ಬಿಗಿದಿರುತ್ತಿತ್ತು. ಕಾರಿನ ಗೇಜ್ ಮಾಡಿದವರು ಅದನ್ನು ಓದಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಕೊಳ್ಳುವುದಾದರೆ ನಾನು ಎಲೆಕ್ಟ್ರಾನಿಕ್ ಅನ್ನೇ ಹೇಳುತ್ತೇನೆ, ಹೊರಗಾಳಿಯ ಒತ್ತಡವನ್ನೂ ಅಳೆಯುವ ಸೆನ್ಸರ್ ಅದಕ್ಕಿದ್ದರೆ ಮಾತ್ರ. ಆದರೂ ಒಂದು ಪ್ರಶ್ನೆ ನನ್ನಿಂದ ಬಗೆಹರಿದಿಲ್ಲ: ವ್ಯತ್ಯಾಸ, ನಿರ್ವಾತದ ಲೆಕ್ಕ, ಅನುಪಾತ ಮೂರೂ ಕೈಯಲ್ಲಿರುವಾಗ, ಘಾಟಿಯ ತಿರುವಿನಲ್ಲಿ ಅರೆಕ್ಷಣ ಕಣ್ಣು ಹಾಯಿಸುವ ಚಾಲಕನಿಗೆ ಒಂದೇ ಮುಳ್ಳು ಯಾವುದನ್ನು ತೋರಿಸಬೇಕು? ಮೊದಲ ಗೋಷ್ಠಿ ಇಲ್ಲಿಂದಲೇ ಶುರುವಾಗಲಿ ಎಂದು ಅದರ ಅಧ್ಯಕ್ಷರನ್ನು ಕೋರುತ್ತೇನೆ.