ರಕ್ತದ ಕಾವಿನ ಲೆಕ್ಕ

ಗೋಡೆಗೆ ಸುಣ್ಣ ಹೊಡೆಯುವ ಮುನ್ನ ಸುಟ್ಟ ಸುಣ್ಣಕ್ಕೆ ನೀರು ಹಾಕುವುದನ್ನು ನೀವು ನೋಡಿರಬಹುದು. ಕೆಳಗೆ ಬೆಂಕಿಯಿಲ್ಲ, ಆದರೂ ನೀರು ಕೊತಕೊತನೆ ಕುದಿಯುತ್ತದೆ. ಎರಡು ವಸ್ತುಗಳು ಕೂಡಿಕೊಂಡಾಗ ಹೊರಬಿದ್ದ ಕಾವು ಅದು. ಅಂತಹುದೇ ಒಂದು ಕೂಡಿಕೆ ನಮ್ಮ ಶ್ವಾಸಕೋಶದಲ್ಲಿ ಉಸಿರುಸಿರಿಗೂ ನಡೆಯುತ್ತಿದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮೊಗ್ಲೋಬಿನ್ ಗಾಳಿಯ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹಿಡಿಯುವಾಗ ತುಸು ಕಾವನ್ನು ಬಿಡುತ್ತದೆ.

ಈ ಕಾವನ್ನು ಅಳೆಯುವುದು ಹೇಗೆ? ಆಮ್ಲಜನಕ ತೆಗೆದ ಹೀಮೊಗ್ಲೋಬಿನ್ ದ್ರಾವಣವನ್ನು ಕಾವು ಸೋರದ ಪಾತ್ರೆಯಲ್ಲಿಟ್ಟು, ಅನಿಲವನ್ನು ಕೂಡಿಸಿ, ಉಷ್ಣತೆ ಎಷ್ಟು ಏರಿತೆಂದು ನೋಡಬೇಕು. ಕೇಳುವುದಕ್ಕೆ ಸುಲಭ. ಆದರೆ ಏರಿಕೆ ಒಂದು ಡಿಗ್ರಿಯ ಸಣ್ಣದೊಂದು ಪಾಲು ಮಾತ್ರ. ಕಲಕಿದ್ದರಿಂದ ಬಂದ ಕಾವು, ಅನಿಲ ನೀರಿನಲ್ಲಿ ಕರಗಿದ್ದರಿಂದ ಬಂದ ಕಾವು, ಇವನ್ನೆಲ್ಲ ಕಳೆದ ಮೇಲೆ ಉಳಿದುದೇ ನಿಜವಾದ ಲೆಕ್ಕ.

1910ರಲ್ಲಿ ಕೇಂಬ್ರಿಜ್ಜಿನ ಜೋಸೆಫ್ ಬಾರ್‌ಕ್ರಾಫ್ಟ್ ಮತ್ತು ಎ. ವಿ. ಹಿಲ್ ಈ ಕೆಲಸಕ್ಕೆ ಕೈಹಾಕಿದರು. ಒಂದು ಗ್ರಾಂ ಹೀಮೊಗ್ಲೋಬಿನ್ ಬಿಡುವ ಕಾವನ್ನು ನೇರವಾಗಿ ಅಳೆದರು. ಬಿಸಿ ಹೆಚ್ಚಿದಂತೆ ಅದರ ಹಿಡಿತ ಎಷ್ಟು ಸಡಿಲವಾಗುವುದೆಂಬುದರಿಂದ, ಒಂದು ಅಣುತೂಕದಷ್ಟು ಹೀಮೊಗ್ಲೋಬಿನ್ನಿಗೆ ಸಲ್ಲುವ ಕಾವನ್ನು ಗಣಿಸಿದರು. ಎರಡನ್ನೂ ಹೋಲಿಸಿದಾಗ ಅಣುವಿನ ತೂಕವೇ ಕೈಗೆ ಸಿಕ್ಕಿತು! ಕಬ್ಬಿಣದ ಅಂಶದಿಂದ ಕಟ್ಟಿದ್ದ ಸುಮಾರು 16,700 ಎಂಬ ಲೆಕ್ಕಕ್ಕೆ ಅದು ಹೊಂದಿಕೊಂಡಿತು.

ಆದರೆ 1925ರ ಹೊತ್ತಿಗೆ ಜಿ. ಎಸ್. ಅಡೇರ್ ಬೇರೊಂದು ವಿಧಾನದಿಂದ ತೂಗಿದಾಗ, ಅಣು ಅದಕ್ಕೆ ನಾಲ್ಕು ಪಟ್ಟು ದೊಡ್ಡದೆಂದು ತಿಳಿಯಿತು. ಅದಕ್ಕೆ ನಾಲ್ಕು ಭಾಗಗಳು. ಒಂದೊಂದು ಭಾಗವೂ ಒಂದೊಂದು ಆಮ್ಲಜನಕದ ಅಣುವನ್ನು ಹಿಡಿಯುತ್ತದೆ. ಮೊದಲಿನವರಿಗೆ ದೊರೆತದ್ದು ಕಾಲು ಪಾಲಿನ ತೂಕ.

ಇದರಿಂದ ನಮಗೇನು ಎನ್ನುವಿರಾ? ಕೂಡುವಾಗ ಕಾವು ಬಿಡುವಂಥದು, ಬಿಸಿ ತಗುಲಿದರೆ ಸುಲಭವಾಗಿ ಬೇರೆಯಾಗುತ್ತದೆ. ಮೆಟ್ಟಿಲು ಹತ್ತುವವರ ಕಾಲಿನ ಸ್ನಾಯು ಬಿಸಿಯೇರುತ್ತದೆ. ಅಲ್ಲಿಯೇ ರಕ್ತ ಆಮ್ಲಜನಕವನ್ನು ಹೆಚ್ಚು ಧಾರಾಳವಾಗಿ ಇಳಿಸುತ್ತದೆ. ಬೇಕಾದ ಕಡೆಗೇ ಬಡಿಸಿದಂತೆ!

ಇದ್ದಿಲ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿನ ಮಾತು ಬೇರೆ. ಹೀಮೊಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿಹಿಡಿಯುತ್ತದೆ, ಬೇಗ ಬಿಡುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಆದುದರಿಂದ ಚಳಿಯ ರಾತ್ರಿ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಮೊದಲು ಅದನ್ನು ಹೊರಗಿಡಿ. ಕಿಟಕಿ ತೆರೆದು, ಆಮೇಲೆ ಕಂಬಳಿ ಹೊದೆಯಿರಿ.