ಹೆಸರು ಬರುವ ತನಕ



ನೀವು ರೇಡಿಯೊ ಹಾಕಿಕೊಂಡು ಕೂತಿರುವ ಈ ಹೊತ್ತು ಕೆಲವರ ಪಾಲಿಗೆ ದಿನದಲ್ಲೇ ಅತಿ ಕಷ್ಟದ ಹೊತ್ತು. ಅವರು ಹಾಸಿಗೆಯಿಂದ ಎದ್ದಿರುತ್ತಾರೆ, ಕೈ ಇನ್ನೂ ಎದ್ದಿರುವುದಿಲ್ಲ. ಮುಷ್ಟಿ ಕಟ್ಟಲು ಹೋದರೆ ಬೆರಳು ಅರ್ಧದಲ್ಲೇ ನಿಂತುಬಿಡುತ್ತವೆ. ಪಾದ ಊರಿದರೆ ಜಲ್ಲಿಕಲ್ಲಿನ ಮೇಲೆ ನಿಂತ ಹಾಗಾಗುತ್ತದೆ. ಹತ್ತು ವಾರದಿಂದ ನಾನೂ ಇವರಲ್ಲಿ ಒಬ್ಬಳು.

ನನಗೆ ಮೊದಲು ಗೊತ್ತಾದದ್ದು ರಂಗೋಲಿಯಲ್ಲಿ. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಹಿಡಿದು ಎಳೆ ಬಿಡುವುದು ನಲವತ್ತು ವರ್ಷದ ಅಭ್ಯಾಸ. ಅವತ್ತು ಏಳು ಚುಕ್ಕಿ ಇಟ್ಟಿದ್ದೆ. ಎಳೆ ಒಂದು ಕಡೆ ದಪ್ಪಗೆ ಬಿತ್ತು, ಇನ್ನೊಂದು ಕಡೆ ತುಂಡಾಯಿತು. ಬೆರಳ ತುದಿಗಳು ಸರಿಯಾಗಿ ಕೂಡುತ್ತಿರಲಿಲ್ಲ, ಪುಡಿ ಸಂದಿಯಿಂದ ಸೋರಿ ಹೋಗುತ್ತಿತ್ತು. ಚಳಿಗೆ ಹೀಗಾಗಿದೆ ಅಂದುಕೊಂಡು ಒಳಗೆ ಬಂದೆ. ವಾರ ಕಳೆದು ರಾಗಿ ಮುದ್ದೆ ತೊಳಸುವಾಗ ಕೋಲು ಕೈಜಾರಿತು. ಮುದ್ದೆ ತೊಳಸುವುದು ತೋಳಿನ ಕೆಲಸ ಅಂತಲೇ ಇಷ್ಟು ದಿನ ತಿಳಿದಿದ್ದೆ, ಅದರಲ್ಲಿ ಮಣಿಕಟ್ಟಿನ ಪಾಲು ಎಷ್ಟು ಅಂತ ಅವತ್ತು ತಿಳಿಯಿತು. ನೋವು ಎರಡೂ ಕೈಗೆ ಒಟ್ಟಿಗೇ ಬಂದಿತ್ತು. ಬಲಗೈಯ ಯಾವ ಗೆಣ್ಣು ಊದಿದೆಯೋ ಎಡಗೈಯಲ್ಲೂ ಅದೇ ಗೆಣ್ಣು ಊದಿತ್ತು.

ನಮ್ಮೂರು ಅರಸೀಕೆರೆಯ ವೈದ್ಯರು ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆರಳ ಬುಡದ ಗೆಣ್ಣುಗಳನ್ನು ಅಡ್ಡಡ್ಡಲಾಗಿ ಮೆಲ್ಲನೆ ಅದುಮಿದರು. ಕೈ ಕುಲುಕುವಾಗ ಬೀಳುವಷ್ಟೇ ಒತ್ತಡ. ಕಣ್ಣಲ್ಲಿ ನೀರು ಬಂತು. "ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು, ಇಲ್ಲದೆಯೂ ಇರಬಹುದು. ಇದರ ತಜ್ಞರು ಒಮ್ಮೆ ನೋಡಲಿ" ಅಂದರು. ತಜ್ಞರು ಇರುವುದು ಬೆಂಗಳೂರಿನಲ್ಲಿ. ತಾರೀಖು ಸಿಕ್ಕಿದ್ದು ಐದು ವಾರದ ಮೇಲೆ.

ಇರಬಹುದು, ಇಲ್ಲದೆಯೂ ಇರಬಹುದು. ಈ ಎರಡು ಮಾತಿನ ನಡುವೆ ದಿನ ಕಳೆಯುವುದರ ಬಗ್ಗೆಯೇ ಇವತ್ತು ನಿಮ್ಮೊಡನೆ ಮಾತಾಡಬೇಕು ಅನ್ನಿಸಿತು.

ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಷ್ಟು ಸುಲಭ ಅಲ್ಲ. ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಪರೀಕ್ಷೆ ಕಾಯಿಲೆ ಇಲ್ಲದ ಕೆಲವರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಪಾಸಿಟಿವ್ ಬರುತ್ತದೆ. ಕಾಯಿಲೆ ಇದ್ದೂ ನೆಗೆಟಿವ್ ಬರುವವರು ನಾಲ್ಕೈದು ಮಂದಿಗೆ ಒಬ್ಬರಾದರೂ ಇರುತ್ತಾರೆ. ಆ್ಯಂಟಿ ಸಿಸಿಪಿ ಅನ್ನುವುದು ಇದಕ್ಕಿಂತ ಖಚಿತ, ಆದರೆ ಅದೊಂದೇ ತೀರ್ಪು ಕೊಡುವುದಿಲ್ಲ. ಇಎಸ್‌ಆರ್, ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಗಳು ಎರಡೂ ಮೈಯಲ್ಲಿ ಉರಿಯೂತ ಇದೆ ಅಂತ ಹೇಳುತ್ತವೆ, ಯಾವುದರಿಂದ ಅಂತ ಹೇಳುವುದಿಲ್ಲ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣಿಸದೆಯೂ ಇರಬಹುದು. ಆದ್ದರಿಂದ ವೈದ್ಯರು ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಎಷ್ಟು ಕೀಲು ಊದಿವೆ, ಸಣ್ಣವೋ ದೊಡ್ಡವೋ, ರಕ್ತ ಏನನ್ನುತ್ತದೆ, ಶುರುವಾಗಿ ಆರು ವಾರ ದಾಟಿತೋ ಇಲ್ಲವೋ. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರ ಸಂಘಗಳು ಸೇರಿ ಇದಕ್ಕೊಂದು ಲೆಕ್ಕ ಮಾಡಿದವು. 10ಕ್ಕೆ 6 ಅಂಕ ಬಂದರೆ ಕಾಯಿಲೆ ಅದೇ ಅಂತ ಗಣಿಸುತ್ತಾರೆ.

ಆರು ವಾರದ ಮಾತು ಬಂದದ್ದಕ್ಕೂ ಕಾರಣ ಇದೆ. ವೈರಸ್ ಜ್ವರದ ಕೀಲುನೋವು ಬಹುಮಟ್ಟಿಗೆ ಅಷ್ಟರೊಳಗೆ ಇಳಿಯುತ್ತದೆ. ಬಹುಮಟ್ಟಿಗೆ ಅಂದೆ, ಏಕೆಂದರೆ ನಮ್ಮವರಿಗೆ ಚಿಕೂನ್‌ಗುನ್ಯಾ ಗೊತ್ತಲ್ಲ. 2006ರಲ್ಲಿ ನಮ್ಮ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಜನ ಗೋಡೆ ಹಿಡಿದು ನಡೆದರು. ಆ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದು, ಬಗ್ಗಿಹೋಗುವುದು ಅಂತ ಅದರ ಅರ್ಥ. ಅದು ಬಂದು ಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಊತ ಥೇಟ್ ರುಮಟಾಯ್ಡ್ ಹಾಗೆಯೇ ಕಾಣುತ್ತದೆ. ಇತ್ತೀಚೆಗೆ ಜ್ವರ ಬಂದಿತ್ತೇ ಅಂತ ವೈದ್ಯರು ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿ.

ವೈದ್ಯರು ಹೆಸರಿಡಲು ಹೀಗೆ ಹಿಂದೆಮುಂದೆ ನೋಡುತ್ತಿದ್ದರೆ ಊರವರು ನಿಂತಲ್ಲೇ ಇಟ್ಟುಬಿಡುತ್ತಾರೆ. ವಾಯು ಅಂದರು ಒಬ್ಬರು, ಆಮವಾತ ಅಂದರು ಇನ್ನೊಬ್ಬರು. ಮುಟ್ಟು ನಿಂತ ಮೇಲೆ ಎಲ್ಲರಿಗೂ ಹೀಗೇ ಅಂತ ಮೂರನೆಯವರು. ಬೆಳಗ್ಗೆ ಲೋಟ ಹಿಡಿಯಲಾರದವಳು ಮಧ್ಯಾಹ್ನ ಬಟ್ಟೆ ಮಡಚುವುದನ್ನು ನೋಡಿ, ಈಗ ಸರಿಯಾಗೇ ಇದ್ದೀಯಲ್ಲ ಅಂದವರೂ ಇದ್ದಾರೆ. ಆ ಮಾತು ಗೆಣ್ಣಿನ ನೋವಿಗಿಂತ ಹೆಚ್ಚು ನೋಯಿಸಿತು. ಈ ನೋವಿನ ಸ್ವಭಾವವೇ ಹಾಗೆ. ಬೆಳಗಿನ ಜಾವಕ್ಕೆ ಮೈಯಲ್ಲಿ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ಏರಿರುತ್ತವೆ, ರಾತ್ರಿಯೆಲ್ಲ ಕೀಲು ಅಲುಗಾಡದೆ ಇರುತ್ತದೆ. ಹೊತ್ತು ಏರಿದ ಹಾಗೆ, ಕೈ ಆಡಿದ ಹಾಗೆ ಬಿಗಿ ಸಡಿಲುತ್ತದೆ. ಸವೆತದಿಂದ ಬರುವ ಮಂಡಿನೋವು ಕೆಲಸ ಮಾಡಿದಷ್ಟೂ ಜಾಸ್ತಿಯಾಗುತ್ತದೆ, ಇದು ಹಾಗಲ್ಲ. ನಿಮ್ಮ ಮನೆಯ ಹೆಣ್ಣುಮಗಳು ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ ಇದ್ದರೆ ನಾಟಕ ಅನ್ನಬೇಡಿ. ಗಂಡಸರಿಗಿಂತ ಹೆಂಗಸರಿಗೆ ಈ ಕಾಯಿಲೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ, ಮತ್ತು ಹೆಂಗಸರ ನೋವನ್ನೇ ನಾವು ತಡವಾಗಿ ನಂಬುವುದು.

ಒಂದು ಎಚ್ಚರಿಕೆ ಹೇಳಲೇಬೇಕು. ಪರಿಚಯದವರೊಬ್ಬರು ಕಾಗದದ ಪೊಟ್ಟಣದಲ್ಲಿ ಪುಡಿ ತಂದುಕೊಟ್ಟರು. ಎರಡೇ ದಿನಕ್ಕೆ ಊತ ಇಳಿಯುತ್ತದೆ ಅಂದರು. ಅಷ್ಟು ಬೇಗ ಇಳಿಯುತ್ತದೆ ಅನ್ನುವುದೇ ನನಗೆ ಭಯ ಹುಟ್ಟಿಸಿತು. ಹೆಸರು, ಲೇಬಲ್ಲು ಇಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ವೈದ್ಯರು ಅಳೆದು ಕೊಟ್ಟರೆ ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ. ಗೊತ್ತಿಲ್ಲದೆ ನುಂಗಿದರೆ ಕಾಯಿಲೆಯ ಗುರುತನ್ನೇ ಮುಚ್ಚಿಬಿಡುತ್ತದೆ, ಸಕ್ಕರೆ ಏರಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿರುವವರು ನನ್ನ ಮಾತು ಕೇಳಿ ದಿಢೀರನೆ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣವನ್ನೇ ವೈದ್ಯರ ಮುಂದೆ ಇಡಿ.

ನನ್ನ ಸೋದರತ್ತೆಯ ಕೈ ನೆನಪಾಗುತ್ತದೆ. ಬೆರಳುಗಳೆಲ್ಲ ಕಿರುಬೆರಳ ಕಡೆಗೆ ವಾಲಿದ್ದವು, ಗಾಳಿಗೆ ಒಂದೇ ಕಡೆ ಮಲಗಿದ ಪೈರಿನ ಹಾಗೆ. ಆ ಕೈಯಲ್ಲೇ ಅವರು ನಮಗೆ ತುತ್ತು ಕಲಸಿ ಹಾಕಿದ್ದು. ಅವರ ನೋವಿಗೆ ಯಾರೂ ಹೆಸರಿಡಲಿಲ್ಲ, ವಾಯು ಅಂತಲೇ ಹೋಯಿತು. ಈ ಹತ್ತು ವಾರದಲ್ಲಿ ಎಷ್ಟೋ ರಾತ್ರಿ ಆ ಕೈ ಕಣ್ಣ ಮುಂದೆ ಬಂದಿದೆ. ಆದರೆ ಅವರ ಕಾಲ ಬೇರೆ. ಈಗ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಇದೆ, ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ಅಪ್ಪಿತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ, ಅದನ್ನೂ ತಿಳಿದಿರಬೇಕು. ರೋಗ ಶುರುವಾದ ಮೂರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಕೀಲು ಕೆಡದೆ ಉಳಿಯುವ ಸಾಧ್ಯತೆ ಹೆಚ್ಚು. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ ಅಂತ ನನಗೆ ಅರಿವಾದದ್ದು ಇದರಿಂದಲೇ. ತಾರೀಖು ಬಹಳ ದೂರ ಇದ್ದು ಊತ ಏರುತ್ತಿದ್ದರೆ ನಿಮ್ಮೂರ ವೈದ್ಯರಿಂದಲೇ ಒಂದು ಫೋನು ಮಾಡಿಸಿ. ಒಂದೇ ಕೀಲು ಕೆಂಪಾಗಿ, ಕಾದು, ಚಳಿಜ್ವರ ಬಂದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ.

ನನ್ನ ಕಾಯುವಿಕೆಗೆ ಒಂದು ಹಳೆಯ ನೋಟ್‌ಬುಕ್ ಜೊತೆಯಾಗಿದೆ. ದಿನಾ ಎದ್ದ ಹೊತ್ತು ಬರೆಯುತ್ತೇನೆ, ಪೂರ್ತಿ ಮುಷ್ಟಿ ಕಟ್ಟಲು ಆದ ಹೊತ್ತು ಬರೆಯುತ್ತೇನೆ. ನಡುವಿನ ನಿಮಿಷಗಳೇ ಲೆಕ್ಕ. ಯಾವ ಗೆಣ್ಣು ಊದಿತ್ತು, ಯಾವ ಮಾತ್ರೆ ನುಂಗಿದೆ, ಅದೂ ಇರುತ್ತದೆ. ಊದಿದ ದಿನ ಮೊಮ್ಮಗ ಮೊಬೈಲಿನಲ್ಲಿ ಕೈಯ ಫೋಟೊ ತೆಗೆದಿಡುತ್ತಾನೆ, ಏಕೆಂದರೆ ಬೆಂಗಳೂರಿಗೆ ಹೋದ ದಿನವೇ ಊತ ಇಳಿದಿರಬಹುದು. ಹೇಗಿದೆ ನೋವು ಅಂತ ಕೇಳಿದರೆ ಮೊದಲೆಲ್ಲ ಅಳು ಬರುತ್ತಿತ್ತು, ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಈಗ ಹೇಳಲು ಒಂದು ಅಂಕೆ ಇದೆ.

ಮನೆಯಲ್ಲೂ ಸಣ್ಣಪುಟ್ಟದ್ದು ಬದಲಾಗಿದೆ. ಎದ್ದ ಕೂಡಲೇ ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಕೈ ಅದ್ದಿ, ನೀರೊಳಗೇ ಬೆರಳು ಮಡಚಿ ಬಿಡಿಸುತ್ತೇನೆ. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ಚೀಲವನ್ನು ಬೆರಳಿಗೆ ತೂಗುಹಾಕದೆ ಮುಂದೋಳಿಗೆ ಹಾಕಿಕೊಳ್ಳುತ್ತೇನೆ. ಕಾಫಿ ಫಿಲ್ಟರ್‌ ಬಿಗಿಯಾಗಿ ಕೂತರೆ ತೆಗೆದುಕೊಡು ಅಂತ ಕೇಳುತ್ತೇನೆ. ಕೇಳುವುದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು.

ಮುದ್ದೆ ಈಗ ಸೊಸೆ ತೊಳಸುತ್ತಾಳೆ. ಹೇಗಿದ್ದೀರಿ ಅಂತ ಅವಳು ಕೇಳುವುದು ಬಿಟ್ಟಿದ್ದಾಳೆ. ಬೆಳಗ್ಗೆ ಅಡುಗೆಮನೆಗೆ ಕಾಲಿಟ್ಟ ತಕ್ಷಣ, "ಅತ್ತೆ, ಇವತ್ತು ಎಷ್ಟು ನಿಮಿಷ?" ಅನ್ನುತ್ತಾಳೆ. ಕೇಳಿ, ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ತಾನೇ ಬರೆಯುತ್ತಾಳೆ. ನಿನ್ನೆ 70 ಆಗಿತ್ತು. ಇವತ್ತು 55. ಬೆಂಗಳೂರಿನ ರೈಲು ಮುಂದಿನ ಮಂಗಳವಾರ.