ದುಂಡಕ್ಷರದ ಪೂರ್ವೋತ್ತರ

ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಕೂಲಿಮಠದ ಮರಳಿನ ಮೇಲೆ ಬೆರಳು ಸವೆಸಿದವರ ಕಿವಿಯಲ್ಲಿ 'ದುಂಡಗೆ ಬರೆಯೋ' ಎಂಬ ಉಪಾಧ್ಯಾಯರ ಗದರಿಕೆ ಇನ್ನೂ ಉಳಿದಿದ್ದೀತು. ಅಕ್ಷರವು ದುಂಡಗೇಕಿರಬೇಕೆಂದು ಕೇಳುವ ಧೈರ್ಯ ಮಾತ್ರ ನಮಗಾರಿಗೂ ಇರಲಿಲ್ಲ.

ಉತ್ತರವನ್ನರಸಲು ಈ ಊರುಗಳಿರುವ ಹಾಸನ ಜಿಲ್ಲೆಯ ಎಲ್ಲೆ ದಾಟಬೇಕಾದುದಿಲ್ಲ. ಪುರಾತತ್ತ್ವಜ್ಞ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಬೆಳಕಿಗೆ ತಂದು, ಕ್ರಿ.ಶ. 450ರ ಸುಮಾರಿನದೆಂದು ನಿರ್ಣಯಿಸಿದ ಶಾಸನದಲ್ಲಿ ಬ್ರಾಹ್ಮಿ ಲಿಪಿಯ ಬಿಗುವು ಇನ್ನೂ ಪೂರ್ತಿ ಸಡಿಲಿಲ್ಲ. ಅಲ್ಲಿಂದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಂದು, ಚಿಕ್ಕಬೆಟ್ಟದ ಬಂಡೆಯ ಮೇಲಿನ ಏಳನೆಯ ಶತಮಾನದ ನಿಸಿದಿ ಎಂಬ ಸ್ಮಾರಕ ಬರಹಗಳಿಂದ ತೊಡಗಿ, ಪಾರ್ಶ್ವನಾಥ ಬಸದಿಯ ಕಂಬದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯವರೆಗೆ ಕಣ್ಣೋಡಿಸಿದರೆ, ಅಕ್ಷರವು ಮೆಲ್ಲಮೆಲ್ಲನೆ ಮೈದುಂಬಿಕೊಂಡ ಬಗೆ ಗೋಚರಿಸುತ್ತದೆ. ಆ ಪ್ರಶಸ್ತಿಯನ್ನು ಬರೆದವನು ಮಲ್ಲಿನಾಥ. ಕಂಡರಿಸಿದವನು 'ಬಿರುದ ರೂವಾರಿ ಮುಖತಿಲಕ'ನೆನಿಸಿದ ಗಂಗಾಚಾರಿ.

ಉಳಿಗೆ ಸುಲಭವಾದುದು ನೇರಗೆರೆ. ಹಾಗಿದ್ದೂ ಗಂಗಾಚಾರಿಯು ಕಲ್ಲನ್ನು ಬಳುಕಿಸಿದನೆಂದರೆ, ಅವನ ಕಣ್ಣೆದುರಿಗಿದ್ದುದು ಓಲೆಯ ಬರಹವೆಂದೇ ನನ್ನ ಊಹೆ. ತಾಳೆಗರಿಯ ನರಗಳು ಉದ್ದುದ್ದಕ್ಕೆ ಹರಿದಿರುವುದರಿಂದ, ಕಂಠವೆಂಬ ಕಬ್ಬಿಣದ ಲೇಖನಿಯನ್ನು ಅದೇ ದಿಕ್ಕಿಗೆ ನೇರವಾಗಿ ಎಳೆದರೆ ಗರಿ ಸೀಳುವ ಭಯ. ಆದಕಾರಣ ಲಿಪಿಕಾರನು ಮೊನೆಯನ್ನು ಸುತ್ತಿಸಿ ಸುತ್ತಿಸಿ ಗೀರಿ, ಮೇಲೆ ಮಸಿ ಸವರಿ ಒರೆಸುತ್ತಿದ್ದನು. ಗೀರಿನಲ್ಲಿ ನಿಂತ ಮಸಿಯೇ ಅಕ್ಷರ. ಆದರೂ ಎಲ್ಲವನ್ನೂ ಗರಿಯ ತಲೆಗೇ ಕಟ್ಟಲು ನಾನೊಪ್ಪೆ. ಮೂಡಬಿದಿರೆಯ ಜೈನರ ಧವಳಾ ಓಲೆಗ್ರಂಥಗಳನ್ನು ಗೀರದೆ ಶಾಯಿಯಿಂದ ಬರೆದಿದ್ದಾರೆ. ಅಲ್ಲಿಯೂ ಅಕ್ಷರ ದುಂಡಗೆಯೇ ಇದೆ. ಓಡುವ ಕೈಗೆ ಮೂಲೆಗಳೆಂದರೆ ಬೇಸರ.

ತಾಳೆಗರಿಯನ್ನೇ ಕಾಣದ ಗ್ರೀಕರಲ್ಲಿಯೂ ಹೀಗೆಯೇ ಆಯಿತು. ಕಲ್ಲಿನ ಮೇಲೆ ಮೂಲೆಮೂಲೆಯಾಗಿದ್ದ ಅವರ 'ಸಿಗ್ಮಾ' ಅಕ್ಷರ ಪಪೈರಸ್ಸಿನ ಮೇಲೆ ಲಾಳದ ಲೇಖನಿಗೆ ಸಿಕ್ಕಿ ಅರ್ಧಚಂದ್ರವಾಯಿತು. ನಾಲ್ಕನೆಯ ಶತಮಾನದಿಂದ ಎಂಟನೆಯದರವರೆಗೆ ಲ್ಯಾಟಿನ್ ಗ್ರಂಥಗಳಲ್ಲಿ ಮೆರೆದ ದುಂಡಕ್ಷರಕ್ಕೆ 'ಅನ್ಷಿಯಲ್' ಎಂದು ಹೆಸರು. ಸಂತ ಜೆರೋಮನು ಆ ಮಾತನ್ನೆತ್ತಿದ್ದು, ನೇರಳೆ ಬಣ್ಣದ ಚರ್ಮದ ಮೇಲೆ ಚಿನ್ನಬೆಳ್ಳಿಯಲ್ಲಿ ಪುಸ್ತಕ ಬರೆಸುವ ಶ್ರೀಮಂತರನ್ನು ಹಂಗಿಸುವಾಗ!

ಮುಂದಿನ ಸಲ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನೇರಿದಾಗ, ಗೊಮ್ಮಟನ ಮುಖವನ್ನು ನೋಡಿ ದಣಿದ ಕಣ್ಣನ್ನು ಕೊಂಚ ಕೆಳಗಿಳಿಸಿ, ಅವನ ಪಾದಗಳ ಇಕ್ಕೆಲದಲ್ಲಿರುವ ಚಾವುಂಡರಾಯನ ಕನ್ನಡ ಬರಹವನ್ನೂ ನಾಗರಿಯ ಮರಾಠಿ ಬರಹವನ್ನೂ ಹೋಲಿಸಿ ನೋಡಿರಿ.